ಅಕ್ಕನನ್ನು ಅಣಕಿಸುವಾಗ ತಮ್ಮನೂ ನಕ್ಕರೆ: ಮಕ್ಕಳ ಕಥೆ ಬರೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಈ ಕಥೆಯನ್ನು ನೀವೂ ಓದಿರುತ್ತೀರಿ. ಕಾಲು ಸರಿಯಿಲ್ಲದ ಒಬ್ಬ ಹುಡುಗ. ಶಾಲೆಯಲ್ಲಿ ಎಲ್ಲರೂ ಅವನನ್ನು ರೇಗಿಸುತ್ತಾರೆ. ಒಂದು ದಿನ ರೇಗಿಸುವವರ ಮುಖಂಡ ಕೆರೆಗೆ ಬೀಳುತ್ತಾನೆ. ನಮ್ಮ ಹುಡುಗ ಊರುಗೋಲು ಚಾಚಿ ಅವನನ್ನು ಮೇಲೆಳೆಯುತ್ತಾನೆ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ಟರು ಹಾರ ಹಾಕುತ್ತಾರೆ, ಎಲ್ಲರ ಕಣ್ಣಲ್ಲೂ ನೀರು. ಕೆರೆಯ ಬದಲು ಬಾವಿ, ಊರುಗೋಲಿನ ಬದಲು ಟವೆಲ್ಲು ಎಂಬಷ್ಟೇ ವ್ಯತ್ಯಾಸದೊಂದಿಗೆ ಇದು ಮತ್ತೆ ಮತ್ತೆ ಹುಟ್ಟುತ್ತಲೇ ಇರುತ್ತದೆ. ಬರೆದವರ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಅಂಥದೇ ಕಾಲಿರುವ ಹುಡುಗ ಓದಿದರೆ ಅವನಿಗೆ ಅರ್ಥವಾಗುವುದು ಇಷ್ಟು: ನನ್ನನ್ನು ಅಣಕಿಸದೆ ಬಿಡಬೇಕಾದರೆ ನಾನು ಮೊದಲು ಯಾರದಾದರೂ ಜೀವ ಉಳಿಸಬೇಕು.

ಈ ಮಾರ್ಗದರ್ಶಿ ಬೇರೆ ಬಗೆಯ ಕಥೆಗೆ. ಅಂಗವೈಕಲ್ಯವಿರುವ ಮಗುವಿನ ಅಣ್ಣನೋ ತಂಗಿಯೋ ಹೇಳುವ ಕಥೆ ಅದು. ಒಂದೇ ಮನೆ, ಒಂದೇ ಶಾಲೆ, ಒಂದೇ ದಾರಿ. ಇಂಥ ಕಥೆಯ ಗಂಟು ಇರುವುದು ಅಣಕಿಸುವವನ ಹತ್ತಿರ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಪಕ್ಕದಲ್ಲಿ ನಿಂತು ನೆಲ ನೋಡುತ್ತಿರುವ ತಮ್ಮನ ಹತ್ತಿರ ಇದೆ. ಮುಂದಿನ ಹೆಜ್ಜೆಗಳೆಲ್ಲ ಆ ತಮ್ಮನ ಬೆನ್ನು ಹಿಡಿದು ಹೋಗುತ್ತವೆ. ಬರೀ ಸೂತ್ರ ಹೇಳಿದರೆ ಕೈಗೆ ಹತ್ತುವುದಿಲ್ಲವಾದ್ದರಿಂದ ಒಂದು ಕಥೆಯನ್ನು ಜೊತೆಜೊತೆಗೇ ಕಟ್ಟುತ್ತಾ ಹೋಗೋಣ.

ಹೆಜ್ಜೆ 1: ಹೇಳುವವರ ಗುಟ್ಟನ್ನು ಮೊದಲು ಹಿಡಿಯಿರಿ

ಒಡಹುಟ್ಟಿದವರ ಮನಸ್ಸಿನಲ್ಲಿ ಪ್ರೀತಿಯೊಂದೇ ಇರುವುದಿಲ್ಲ. ಅಮ್ಮ ಅವಳಿಗೇ ಊಟ ಮಾಡಿಸುತ್ತಾಳೆ, ನನ್ನ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಲೂ ಪುರುಸೊತ್ತಿಲ್ಲ ಎಂಬ ಹೊಟ್ಟೆಕಿಚ್ಚು ಇರುತ್ತದೆ. ನನಗೂ ಹೀಗೇ ಆಗಿಬಿಟ್ಟರೆ ಎಂಬ ಹೆದರಿಕೆ ಸಣ್ಣ ಮಕ್ಕಳಿಗೆ ಇರುತ್ತದೆ. "ನಾವು ಹೋದ್ಮೇಲೆ ಇವಳನ್ನ ನೋಡ್ಕೊಳ್ಳೋನು ನೀನೇ ಕಣಪ್ಪ" ಎಂದು ನೆಂಟರು ತಲೆ ಸವರಿ ಹೋದಾಗ ಹನ್ನೊಂದು ವರ್ಷದ ಹೆಗಲ ಮೇಲೆ ಕೂರುವ ಭಾರ ಬೇರೆ. ಎಲ್ಲಕ್ಕಿಂತ ಅಡಿಯಲ್ಲಿ ನಾಚಿಕೆ. ಆಮೇಲೆ ಆ ನಾಚಿಕೆಯ ಬಗ್ಗೆಯೇ ಇನ್ನೊಂದು ನಾಚಿಕೆ.

ಎಲ್ಲವನ್ನೂ ಒಂದೇ ಕಥೆಗೆ ತುರುಕಬೇಡಿ. ಒಂದನ್ನು ಆರಿಸಿ, ಅದನ್ನು ಕಣ್ಣಿಗೆ ಕಾಣುವ ಒಂದು ಕೆಲಸವಾಗಿ ಮಾಡಿ. ನಮ್ಮ ಕಥೆಯ ಶಿವು ಆರನೇ ಕ್ಲಾಸು. ಅವನ ಅಕ್ಕ ಚಂದ್ರಿಕಾಗೆ ಹನ್ನೆರಡು. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ಹಾನಿಯಿಂದ ಕೈಕಾಲು, ಮಾತು ಸರಿಯಾಗಿ ಹಿಡಿತಕ್ಕೆ ಸಿಗದ ಸ್ಥಿತಿ. ಒಂದು ವರ್ಷ ತಡವಾಗಿ ಸ್ಕೂಲಿಗೆ ಸೇರಿದ್ದರಿಂದ ಅವಳೂ ಆರನೇ ಕ್ಲಾಸೇ. ಶಿವುವಿನ ಕೆಲಸ ಇದು: ಮನೆಯಲ್ಲಿ "ಅಕ್ಕ" ಅನ್ನುವವನು ಶಾಲೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಾನೆ.

"ಅವ್ಳು ನಿಮ್ಮಕ್ಕನೇನೋ?"

"ಅಲ್ಲ ಕಣೋ. ನಮ್ಮ ಮನೆ ಹತ್ರದೋಳು."

ಕಥೆ ಹುಟ್ಟಿತು. ಯಾರೂ ಯಾರನ್ನೂ ಹೊಡೆದಿಲ್ಲ, ಯಾರೂ ಕೆರೆಗೆ ಬಿದ್ದಿಲ್ಲ. ಆದರೂ ಹತ್ತು ವರ್ಷದ ಓದುಗ ಮುಂದಿನ ಪುಟ ತಿರುಗಿಸುತ್ತಾನೆ, ಏಕೆಂದರೆ ಈ ಸುಳ್ಳು ಎಷ್ಟು ದಿನ ನಿಲ್ಲುತ್ತದೆ ಎಂದು ಅವನಿಗೆ ತಿಳಿಯಬೇಕು.

ಹೆಜ್ಜೆ 2: ಸುಳ್ಳು ನಿಲ್ಲುವಂಥ ಜಾಗ ಹುಡುಕಿ

ಹಳ್ಳಿಯಲ್ಲಿ ಈ ಸುಳ್ಳು ಒಂದು ಗಂಟೆಯೂ ಬಾಳುವುದಿಲ್ಲ. ಯಾರ ಮನೆ ಎಮ್ಮೆ ಯಾವಾಗ ಕರು ಹಾಕಿತು ಎಂದು ಗೊತ್ತಿರುವ ಊರಲ್ಲಿ ಯಾರಿಗೆ ಯಾರು ಅಕ್ಕ ಎಂದು ಗೊತ್ತಿರುವುದಿಲ್ಲವೇ? ಇದಕ್ಕೇ ಅಪ್ಪನನ್ನು ತಿಪಟೂರಿಗೆ ಕಳಿಸೋಣ, ಕೊಬ್ಬರಿ ಮಂಡಿಯಲ್ಲಿ ರೈಟರ್ ಕೆಲಸಕ್ಕೆ. ಜೂನ್‌ನಲ್ಲಿ ಶಿವು ಮೊದಲು ಬಂದು ಮಾವನ ಮನೆಯಲ್ಲಿದ್ದು ಶಾಲೆಗೆ ಸೇರುತ್ತಾನೆ. ಬಾಡಿಗೆ ಮನೆ ಸಿಕ್ಕ ಮೇಲೆ, ಆಗಸ್ಟಿನಲ್ಲಿ, ಅಮ್ಮನೂ ಅಕ್ಕನೂ ಬರುತ್ತಾರೆ. ನಡುವಿನ ಎರಡು ತಿಂಗಳಲ್ಲಿ ಅವನಿಗೆ ಗೆಳೆಯರಾಗಿದ್ದಾರೆ. ಅಕ್ಕನ ಸುದ್ದಿ ಅವನು ಎತ್ತಿಲ್ಲ.

ಹಳ್ಳಿಯ ಶಾಲೆಯಲ್ಲಿ ಚಂದ್ರಿಯ ನಡಿಗೆ ಎಲ್ಲರಿಗೂ ಅಭ್ಯಾಸವಾಗಿತ್ತು, ಅಲ್ಲಿ ಶಿವುವಿಗೆ ನಾಚಿಕೆಯೆಂಬುದೇ ಗೊತ್ತಿರಲಿಲ್ಲ. ಅದು ಹುಟ್ಟಿದ್ದು ಹೊಸ ಕಣ್ಣುಗಳ ಎದುರು. ಇದನ್ನು ಕಥೆಯಲ್ಲಿ ಎಲ್ಲೂ ವಿವರಿಸಬೇಕಿಲ್ಲ. ಊರು ಬದಲಿಸಿದರೆ ಸಾಕು, ಮಿಕ್ಕಿದ್ದನ್ನು ಓದುವ ಮಗು ತಾನೇ ಜೋಡಿಸಿಕೊಳ್ಳುತ್ತದೆ. ಕಥೆಯನ್ನು ಶುರು ಮಾಡಬೇಕಾದದ್ದು ಅವಳು ಶಾಲೆಯ ಗೇಟಿನಲ್ಲಿ ಅಪ್ಪನ ಟಿವಿಎಸ್‌ನಿಂದ ಇಳಿಯುವ ಬೆಳಗ್ಗೆ. ಹುಟ್ಟಿದ ದಿನದಿಂದ ಶುರು ಮಾಡಿದರೆ ಮೂರನೇ ಪುಟಕ್ಕೆ ಮಗು ಪುಸ್ತಕ ಮಡಿಸಿಡುತ್ತದೆ.

ಹೆಜ್ಜೆ 3: ಒಂದು ಅಂಗವೈಕಲ್ಯವನ್ನು ಆರಿಸಿ, ಅದನ್ನು ಸರಿಯಾಗಿ ತಿಳಿಯಿರಿ

"ಅವಳು ಅಂಗವಿಕಲೆ" ಎಂದಷ್ಟೇ ಬರೆದರೆ ಪಾತ್ರ ಹುಟ್ಟುವುದಿಲ್ಲ. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡುತ್ತದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಕಲಿಕಾ ನ್ಯೂನತೆ, ತಲಸ್ಸೀಮಿಯ ಎಲ್ಲ ಅದರಲ್ಲಿವೆ. ಒಂದೊಂದರ ದಿನಚರಿ ಒಂದೊಂದು ತರಹ. ಡೌನ್ ಸಿಂಡ್ರೋಮ್ ಇರುವ ತಮ್ಮನ ಕಥೆಯನ್ನು ಹೆಸರು ಬದಲಿಸಿ ಕಿವಿ ಕೇಳದ ತಂಗಿಯ ಕಥೆ ಮಾಡಲಾಗದು. ಮಾಡಲು ಸಾಧ್ಯವಾಯಿತು ಅಂದರೆ ಮೊದಲನೆಯದನ್ನೂ ನೀವು ಸರಿಯಾಗಿ ಬರೆದಿಲ್ಲ ಎಂದೇ ಅರ್ಥ.

ಸೆರೆಬ್ರಲ್ ಪಾಲ್ಸಿಯನ್ನೇ ನೋಡೋಣ. ಮಗು ಹೊಟ್ಟೆಯಲ್ಲಿದ್ದಾಗಲೋ ಹೆರಿಗೆಯ ಹೊತ್ತಿನಲ್ಲೋ ಹುಟ್ಟಿದ ಸ್ವಲ್ಪ ಕಾಲದಲ್ಲೋ ಮೆದುಳಿಗೆ ಆದ ಹಾನಿಯಿಂದ ಬರುವ ಸ್ಥಿತಿ ಇದು. ಆ ಹಾನಿ ವರ್ಷ ಕಳೆದಂತೆ ಬೆಳೆಯುವುದಿಲ್ಲ, ಹಾಗೆಂದು ವಾಸಿಯೂ ಆಗುವುದಿಲ್ಲ. ಬಹಳ ಮಕ್ಕಳಲ್ಲಿ ಸ್ನಾಯುಗಳು ಬಿಗಿಯಾಗಿರುತ್ತವೆ. ಮಾತಿಗೆ ಬೇಕಾದ ಸ್ನಾಯುಗಳೂ ಬಿಗಿಯಾಗಿದ್ದರೆ ಮಾತು ನಿಧಾನ, ಉಚ್ಚಾರ ಅಸ್ಪಷ್ಟ. ಕೇಳುವವರು ಇದನ್ನೇ ಬುದ್ಧಿ ಕಡಿಮೆ ಎಂದು ತಿಳಿಯುತ್ತಾರೆ. ಬುದ್ಧಿಗೆ ಏನೂ ಆಗಿಲ್ಲದ ಮಕ್ಕಳು ಎಷ್ಟೋ ಮಂದಿ. ನಡೆದರೆ ಬೇಗ ದಣಿವು, ಚಳಿಯಲ್ಲಿ ಕೈಕಾಲು ಇನ್ನಷ್ಟು ಬಿಗಿ.

ಕಥೆಗಾರರಿಗೆ ತುಂಬ ಉಪಯೋಗಕ್ಕೆ ಬರುವ ಸಂಗತಿ ಇನ್ನೊಂದಿದೆ. ಗಾಬರಿಯಾದರೆ, ಸಿಟ್ಟು ಬಂದರೆ, ಖುಷಿ ಹೆಚ್ಚಾದರೂ ಸರಿ, ಈ ಬಿಗಿತ ಏರುತ್ತದೆ. ಅಂದರೆ ಅಣಕಿಸಿದಷ್ಟೂ ಚಂದ್ರಿಯ ಮಾತು ಇನ್ನೂ ತಡವಾಗುತ್ತದೆ, ತಡವಾದಷ್ಟೂ ಅಣಕಿಸುವವರಿಗೆ ಮೋಜು. ಕಾಟ ಹೇಗೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ ಎಂಬುದು ಅವಳ ಗಂಟಲಲ್ಲೇ ಕಾಣುತ್ತದೆ. ವೈದ್ಯಕೀಯ ಮಾಹಿತಿಯನ್ನು ಓದುವಾಗ ಇಂಥ ಒಂದೆರಡು ಸಂಗತಿಗಳಿಗಾಗಿ ಹುಡುಕಿ. ಮಿಕ್ಕಿದ್ದು ನಿಮ್ಮ ತಿಳಿವಳಿಕೆಗಿರಲಿ, ಕಥೆಯಲ್ಲಿ ಡಾಕ್ಟರನ್ನು ಕೂರಿಸಿ ಪಾಠ ಹೇಳಿಸಬೇಡಿ.

ಮನೆಯವರು ಈ ಸ್ಥಿತಿಯನ್ನು ಏನೆಂದು ಹೇಳುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಅಮ್ಮ ಆಸ್ಪತ್ರೆ ಅಲೆದು ಕಲಿತದ್ದು "ಸಿಪಿ". ಅಪ್ಪ ಹೇಳುವುದು "ಹುಟ್ದಾಗ ಮಗು ಅಳ್ಲಿಲ್ಲ". ಅಜ್ಜಿ ಮಾತ್ರ ಗ್ರಹಣದ ದಿನ ಸೊಸೆ ಹೊರಗೆ ಬಂದಿದ್ದಳು ಎನ್ನುವುದನ್ನು ಬಿಟ್ಟಿಲ್ಲ. ಈ ಮೂರು ಮಾತುಗಳಲ್ಲಿ ಇಡೀ ಮನೆ ಕಾಣುತ್ತದೆ. ಅಜ್ಜಿಯ ಮಾತನ್ನು ಕಥೆಯಲ್ಲಿ ತಂದರೆ ಅದು ತಪ್ಪು ಎಂದು ಓದುವ ಮಗುವಿಗೆ ತಿಳಿಯುವ ಹಾಗೂ ಮಾಡಬೇಕು. ಅಮ್ಮ ಪಾತ್ರೆಯನ್ನು ಸ್ವಲ್ಪ ಜೋರಾಗಿ ಕುಕ್ಕಿ "ಗ್ರಹಣಕ್ಕೂ ಇದಕ್ಕೂ ಏನೂ ಇಲ್ಲ ಅಂತ ಡಾಕ್ಟ್ರು ಹೇಳಿಲ್ವಾ ಅತ್ತೆ" ಅಂದರೆ ಸಾಕು.

ಹೆಜ್ಜೆ 4: ಅಕ್ಕನಿಗೆ ಅವಳದೇ ಒಂದು ಆಸೆ ಕೊಡಿ, ಒಂದೆರಡು ಕೆಟ್ಟ ಬುದ್ಧಿಯನ್ನೂ ಕೊಡಿ

ಇಂಥ ಕಥೆಗಳಲ್ಲಿ ಅಂಗವೈಕಲ್ಯವಿರುವ ಮಗು ದೇವರ ಪಟದ ಹಾಗೆ ಕೂತಿರುತ್ತದೆ, ಸದಾ ನಗು, ಸದಾ ಕ್ಷಮೆ. ಆ ಮಗುವಿಗೆ ಕಥೆಯಲ್ಲಿ ಕೆಲಸವೇ ಇರುವುದಿಲ್ಲ. ಬೇರೆಯವರು ಒಳ್ಳೆಯವರಾಗಲು ಅದೊಂದು ನೆಪ.

ನಮ್ಮ ಚಂದ್ರಿ ಚೌಕಾಬಾರದಲ್ಲಿ ಮೋಸ ಮಾಡುತ್ತಾಳೆ. ಕವಡೆ ಹಾಕಿದಾಗ ಬೇಡದ ಸಂಖ್ಯೆ ಬಿತ್ತೋ, "ಕೈ ಬಿಗಿ ಹಿಡೀತು ಕಣೋ, ಇನ್ನೊಂದ್ಸಲ" ಅನ್ನುತ್ತಾಳೆ. ಕೈ ನಿಜವಾಗಿ ಬಿಗಿ ಹಿಡಿಯಿತೋ ಇಲ್ಲವೋ ಶಿವುವಿಗೆ ಹೇಳಲಾಗುವುದಿಲ್ಲ, ಅಮ್ಮ ಅವಳ ಪರ. ಚೌಕವೋ ಬಾರವೋ ಬಿದ್ದಾಗ ಮಾತ್ರ ಅವಳ ಕೈ ಯಾವತ್ತೂ ಬಿಗಿ ಹಿಡಿದದ್ದಿಲ್ಲ! ಅಂಗವೈಕಲ್ಯವನ್ನೇ ಆಟದ ಆಯುಧ ಮಾಡಿಕೊಳ್ಳುವ ಅಕ್ಕನನ್ನು ಮಕ್ಕಳು ಮರೆಯುವುದಿಲ್ಲ.

ಇನ್ನು ಆಸೆ. ಅವಳಿಗೆ ಕ್ಲಾಸ್ ಲೀಡರ್ ಆಗಬೇಕು. ಸೇವೆ ಗೀವೆ ಏನಿಲ್ಲ. ಮೇಷ್ಟ್ರಿಲ್ಲದ ಪಿರಿಯಡ್ಡಿನಲ್ಲಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಅಧಿಕಾರ ಬೇಕು, ಅಷ್ಟೇ. ಈ ಶಾಲೆಯಲ್ಲಿ ಲೀಡರಿಕೆ ವಾರಕ್ಕೊಬ್ಬರಿಗೆ, ಹಾಜರಿ ನಂಬರಿನ ಪ್ರಕಾರ. ಹೊಸದಾಗಿ ಸೇರಿದ ಅವಳ ನಂಬರು ಎಲ್ಲರಿಗಿಂತ ಕೊನೆ. ಅಲ್ಲಿವರೆಗೂ ಅವಳು ಕಾಯುತ್ತಾಳೆ. ಯಾರ್ಯಾರ ಹೆಸರು ಬರೆಯಬೇಕು ಎಂದು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಪಟ್ಟಿಯನ್ನೂ ಇಟ್ಟಿದ್ದಾಳೆ. ಈಗ ಕಥೆಗೆ ಎರಡು ಗಡಿಯಾರ: ತಮ್ಮನ ಸುಳ್ಳು ಎಂದು ಒಡೆಯುತ್ತದೆ, ಅಕ್ಕನ ಸರದಿ ಎಂದು ಬರುತ್ತದೆ.

ಹೆಜ್ಜೆ 5: ಕಾಟವನ್ನು ಸಣ್ಣದಾಗಿ, ದಿನದಿನವೂ ತೋರಿಸಿ

ಜಗಳವೆಲ್ಲ ಕಾಟವಲ್ಲ. ಈ ವಿಷಯವನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಮೂರು ಗುರುತುಗಳನ್ನು ಹೇಳಿದರು: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಎರಡು ಕಡೆಯವರ ಬಲ ಸಮವಿಲ್ಲದಿರುವುದು. ಕಥೆ ಬರೆಯುವವರು ಮರೆಯುವುದು ಎರಡನೆಯದನ್ನು. ಒಂದೇ ದೊಡ್ಡ ದೃಶ್ಯ ಬರೆದು, ಚೀಲ ಕಿತ್ತೆಸೆಯುವುದು, ತಳ್ಳಿ ಬೀಳಿಸುವುದು ಎಲ್ಲ ಅದರಲ್ಲೇ ಮುಗಿಸಿಬಿಡುತ್ತಾರೆ. ನಿಜವಾದ ಕಾಟಕ್ಕೆ ವೇಳಾಪಟ್ಟಿ ಇರುತ್ತದೆ. ಪ್ರಾರ್ಥನೆಯ ಸಾಲು, ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿ, ಆಟದ ಪಿರಿಯಡ್ಡು. ನಾಳೆ ಇಷ್ಟು ಹೊತ್ತಿಗೆ ಇದೇ ಜಾಗದಲ್ಲಿ ಇದೇ ಆಗುತ್ತದೆ ಎಂದು ಮಗುವಿಗೆ ಗೊತ್ತಿರುತ್ತದೆ. ಹೊಟ್ಟೆನೋವು ಅಂತ ಸ್ಕೂಲಿಗೆ ಚಕ್ಕರ್ ಹೊಡೆಯುವುದು ಅದಕ್ಕೇ.

ಒಂದು ದೃಶ್ಯ ಬರೆದು ನೋಡೋಣ. ಹೇಳುವವನು ಶಿವು.

ಮಿಸ್ಸು "ಇಪ್ಪತ್ತೆರಡು" ಅಂದರು. ಅಕ್ಕ ಬಾಯಿ ತೆರೆದಳು. ಮನೆಯಲ್ಲಾದರೆ ನಾನು ಎರಡು ಎಣಿಸುವಷ್ಟರಲ್ಲಿ ಅವಳ ಮಾತು ಬಂದಿರುತ್ತೆ. ಇಲ್ಲಿ ಐದು ಎಣಿಸಿದೆ. ಅವಳ ಎಡಗೈ ಬೆಂಚಿನಿಂದ ತಾನಾಗಿ ಮೇಲೆದ್ದಿತು. ಹಿಂದಿನ ಬೆಂಚಿಂದ ಮಧು, ಮಿಸ್ಸಿಗೆ ಕೇಳಿಸದ ಹಾಗೆ, "ಹಾ... ಹಾ... ಹಾ..." ಅಂದ. ಲೋಕೇಶ ಡೆಸ್ಕಿಗೆ ಮುಖ ಒತ್ತಿಕೊಂಡು ನಕ್ಕ. ಮಿಸ್ಸು ತಲೆ ಎತ್ತಲಿಲ್ಲ. "ಆಯ್ತಮ್ಮ, ಕೂತ್ಕೊ" ಅಂತ ಟಿಕ್ ಹಾಕಿ ರಿಜಿಸ್ಟರ್ ಮುಚ್ಚಿದರು. ಆಗ "ಹಾಜರ್" ಬಂತು. ಅದು ಯಾರಿಗೂ ಬೇಕಿರಲಿಲ್ಲ. ಮಧು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನಾನು ನಕ್ಕೆ.

ಇದರಲ್ಲಿ ಬೈಗುಳ ಒಂದೂ ಇಲ್ಲ. ಮಧು ರಾಕ್ಷಸನೂ ಅಲ್ಲ, ಸಿಕ್ಕಿಬೀಳದೆ ನಗಿಸುವುದು ಹೇಗೆ ಎಂದು ಚೆನ್ನಾಗಿ ಬಲ್ಲ ಹುಡುಗ. ಮಿಸ್ಸಿನದು ಕರುಣೆಯೇ, ಆದರೆ ಆ ಕರುಣೆ ಅವಳ ಉತ್ತರಕ್ಕೆ ಕಾಯಲಿಲ್ಲ. ಎರಡು ಎಣಿಕೆ ಐದಾದದ್ದು ಶಿವುವಿಗೆ ಮಾತ್ರ ಗೊತ್ತು, ಏಕೆಂದರೆ ಅವನು ತಮ್ಮ. ಕೊನೆಗೆ ಅವನ ನಗು. "ನನಗೆ ತುಂಬಾ ಪಶ್ಚಾತ್ತಾಪವಾಯಿತು" ಎಂದು ಅದರ ಕೆಳಗೆ ಬರೆಯಲು ಕೈ ತುರಿಸುತ್ತದೆ. ಬರೆಯಬೇಡಿ.

ಸುತ್ತ ಕೂತವರನ್ನು ಖಾಲಿ ಮುಖಗಳಾಗಿ ಬಿಡಬೇಡಿ. ಫಿನ್ಲೆಂಡಿನ ಮನೋವಿಜ್ಞಾನಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಜೊತೆಯವರು 1996ರಲ್ಲಿ ತರಗತಿಯ ಮಕ್ಕಳು ಕಾಟದ ಹೊತ್ತಿನಲ್ಲಿ ವಹಿಸುವ ಪಾತ್ರಗಳನ್ನು ವಿಂಗಡಿಸಿದರು. ಶುರು ಮಾಡುವವರು, ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಕಾಟಕ್ಕೊಳಗಾದವರ ಪರ ನಿಲ್ಲುವವರು, ದೂರವೇ ಉಳಿಯುವವರು. ನಿಮ್ಮ ಪಾತ್ರಗಳಿಗೆ ಈ ಜಾಗಗಳನ್ನು ಹಂಚಿ, ಆಮೇಲೆ ಒಬ್ಬರನ್ನು ಒಂದು ಜಾಗದಿಂದ ಪಕ್ಕದ ಜಾಗಕ್ಕೆ ಸರಿಸಿ. ಲೋಕೇಶ ನಗುವುದನ್ನು ನಿಲ್ಲಿಸಿದರೆ ಸಾಕು, ಮಧುವಿನ ಆಟದ ಅರ್ಧ ಗಾಳಿ ಹೋಗುತ್ತದೆ. ಮಕ್ಕಳ ಕಥೆಯಲ್ಲಿ ನಂಬಲಾಗುವ ಬದಲಾವಣೆ ಇಷ್ಟೇ ದೊಡ್ಡದು.

ಹೆಜ್ಜೆ 6: ದೊಡ್ಡವರನ್ನು ಎಲ್ಲಿಡಬೇಕು

ದೊಡ್ಡವರು ಬಂದು ಬಿಡಿಸಿದರೆ ಕಥೆ ಮಕ್ಕಳ ಕೈ ಬಿಟ್ಟಂತೆ. ಹಾಗೆಂದು ಅವರೆಲ್ಲ ಊರು ಬಿಟ್ಟು ಹೋಗಿದ್ದಾರೆ ಎಂದೂ ತೋರಿಸಬಾರದು, ಓದುವ ಮಗುವಿಗೆ ನಿಜವಾಗಿ ಸಹಾಯ ಬೇಕಾಗಿರಬಹುದು. ಹೇಳಿಕೊಳ್ಳಬಹುದಾದ ಒಬ್ಬರಾದರೂ ಕಥೆಯೊಳಗೆ ಇರಲಿ. ಬಿಸಿಯೂಟದ ಅಕ್ಕನೋರು ಆ ಜಾಗಕ್ಕೆ ಚೆನ್ನಾಗಿ ಹೊಂದುತ್ತಾರೆ. ತಟ್ಟೆ ತೊಳೆಯುವ ಕಡೆ ಏನೇನು ನಡೆಯುತ್ತದೆ ಎಂದು ಹೆಡ್‌ಮಾಸ್ಟರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಕಾನೂನು ಏನು ಹೇಳುತ್ತದೆ ಎಂದು ಬರೆಯುವವರಿಗೆ ತಿಳಿದಿರಬೇಕು, ಇಲ್ಲವಾದರೆ ಕಥೆಯೇ ಸುಳ್ಳು ಕಲಿಸಿಬಿಡುತ್ತದೆ. "ಇವಳಿಗೆ ವಿಶೇಷ ಶಾಲೆಯೇ ಸರಿ, ನಾವು ಸೇರಿಸಿಕೊಳ್ಳಲ್ಲ" ಎಂದು ಹೆಡ್‌ಮಾಸ್ಟರು ಹೇಳುವ ದೃಶ್ಯ ಬಂದರೆ, ಅವರು ಹೇಳುತ್ತಿರುವುದು ತಪ್ಪು ಎಂದು ಕಥೆಗೆ ಗೊತ್ತಿರಬೇಕು. ನಿಗದಿತ ಪ್ರಮಾಣದ, ಅಂದರೆ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು 2016ರ ಕಾಯ್ದೆ ಕೊಟ್ಟಿದೆ. ಆಯ್ಕೆ ಮನೆಯವರದು. ತಾಲ್ಲೂಕು ಮಟ್ಟದಲ್ಲಿ ಈ ಮಕ್ಕಳಿಗೆಂದೇ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಚಂದ್ರಿಯ ಪೆನ್ಸಿಲ್ಲಿಗೆ ದಪ್ಪ ಹಿಡಿ ಸುತ್ತಿಕೊಟ್ಟು ಹೋಗುವವರು ಅಂಥ ಒಬ್ಬರಾಗಿರಬಹುದು.

ಕಥೆಯ ಕೊನೆಗೆ ಮೇಷ್ಟ್ರು ಬೆತ್ತ ತೆಗೆದು ಮಧುವಿಗೆ ಎರಡು ಬಿಗಿದರೆ ಓದುವ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ನಿಜ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬಗ್ಗಿಸಿ ನಿಲ್ಲಿಸುವುದು, ಎಲ್ಲರೆದುರು ಕಿವಿ ಹಿಡಿಸುವುದನ್ನೆಲ್ಲ ನ್ಯಾಯ ಎಂಬಂತೆ ಬರೆಯಬಾರದು. ಕಾನೂನು ಪಕ್ಕಕ್ಕಿಟ್ಟು ನೋಡಿದರೂ, ಒಂದು ಅವಮಾನಕ್ಕೆ ಇನ್ನೊಂದು ಅವಮಾನ ಉತ್ತರ ಎಂದರೆ ಮಧು ಮಾಡಿದ್ದು ಸರಿ, ಅವನಿಗೆ ಅಧಿಕಾರ ಇರಲಿಲ್ಲ ಅಷ್ಟೇ ಎಂದಾಗುತ್ತದೆ. ಪುಸ್ತಕದ ಕೊನೆಯ ಪುಟದಲ್ಲಿ, ಕಥೆಯ ಹೊರಗೆ, ಮಕ್ಕಳ ಸಹಾಯವಾಣಿ 1098 ಎಂದು ಅಚ್ಚು ಮಾಡಿಸಿ.

ಹೆಜ್ಜೆ 7: ನಿಮ್ಮ ಭಾಷೆಯನ್ನೇ ಜರಡಿ ಹಿಡಿಯಿರಿ

"ಮೆಂಟ್ಲು", "ಸೊಟ್ಟಕಾಲು", "ಪೆದ್ದಿ" ಎಂಬುವೆಲ್ಲ ಶಾಲೆಯ ಮೈದಾನದಲ್ಲಿ ದಿನಾ ಕೇಳುವ ಮಾತುಗಳು. ಅವನ್ನು ಪೂರ್ತಿ ತೆಗೆದುಹಾಕಿದರೆ ಕಥೆ ಸೋಗಿನದಾಗುತ್ತದೆ. ಪಾತ್ರದ ಬಾಯಲ್ಲಿ ಒಂದು ಸಲ ಬರಲಿ, ಬಂದಾಗ ಯಾರಿಗಾದರೂ ತಾಗಲಿ. ಆದರೆ ಕೇಳಿದೊಡನೆ ಮಕ್ಕಳು ಮರುದಿನವೇ ಬಳಸಬಹುದಾದ ಪ್ರಾಸಬದ್ಧ ಅಣಕವನ್ನು ಕಷ್ಟಪಟ್ಟು ಕಟ್ಟಿಕೊಡಬೇಡಿ. ನಿಮ್ಮ ಪುಸ್ತಕದಿಂದ ಶಾಲೆಗೊಂದು ಹೊಸ ಅಡ್ಡಹೆಸರು ಸಿಗಬಾರದು.

ಹೆಚ್ಚು ಜಾರುವುದು ನಿರೂಪಣೆಯಲ್ಲಿ. ನಮ್ಮ ಗಾದೆಗಳಲ್ಲಿ ಕುಂಟನಿಗೆ ಎಂಟು ಚೇಷ್ಟೆ, ಕಿವುಡನ ಮುಂದೆ ಕಿನ್ನರಿ. ಬರೆಯುವಾಗ "ಕುರುಡು ನಂಬಿಕೆ", "ಕುಂಟು ನೆಪ" ತಾವಾಗಿ ಬಂದು ಕೂರುತ್ತವೆ. ಬೇರೆ ಕಥೆಯಲ್ಲಿ ಹೇಗಾದರೂ ಇರಲಿ, ಈ ಕಥೆಯಲ್ಲಿ ಹುಡುಕಿ ತೆಗೆಯಿರಿ. "ಪಾಪ", "ಆದರೂ", "ಬಿಡದೆ ಛಲದಿಂದ" ಎಂಬ ಮೂರನ್ನೂ ಹುಡುಕಿ. "ಕಾಲಿಲ್ಲದಿದ್ದರೂ ಜಾಣೆ" ಎಂಬ ವಾಕ್ಯದಲ್ಲಿ ಆ "ಇಲ್ಲದಿದ್ದರೂ" ಏನು ಕೆಲಸ ಮಾಡುತ್ತಿದೆ ಎಂದು ಸುಮ್ಮನೆ ಕೇಳಿಕೊಂಡರೆ ಸಾಕು. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಇವುಗಳಲ್ಲಿ ಯಾವುದು ಎಂಬ ಚರ್ಚೆಗೆ ಮುಗಿವಿಲ್ಲ. ಹನ್ನೊಂದರ ಶಿವು ಈ ನಾಲ್ಕನ್ನೂ ಬಳಸುವುದಿಲ್ಲ, "ಅಕ್ಕನ ಎಡಗೈ ಹೇಳಿದ ಮಾತು ಕೇಳಲ್ಲ" ಅನ್ನುತ್ತಾನೆ.

ಹೆಜ್ಜೆ 8: ಮುಕ್ತಾಯದಲ್ಲಿ ಪವಾಡ ಬೇಡ

ಅಷ್ಟಾವಕ್ರನ ಕಥೆ ನಮಗೆಲ್ಲ ಗೊತ್ತು. ಎಂಟು ಕಡೆ ವಕ್ರವಾದ ದೇಹ ಕಂಡು ಜನಕನ ಸಭೆ ನಕ್ಕಿತು ಎಂದು ಹೇಳುತ್ತಾರೆ. ಮಹಾಭಾರತದ ವನಪರ್ವದಲ್ಲಿ ಮಕ್ಕಳ ಕಥೆಗಾರರಿಗೆ ಇನ್ನೂ ಹತ್ತಿರವಾದ ಒಂದು ಸಣ್ಣ ಘಟನೆ ಇದೆ. ಅಷ್ಟಾವಕ್ರ ತಾತ ಉದ್ದಾಲಕನ ತೊಡೆಯ ಮೇಲೆ ಕೂತಿರುತ್ತಾನೆ, ಅವನನ್ನೇ ತಂದೆ ಎಂದುಕೊಂಡು. ಅವನದೇ ವಯಸ್ಸಿನ ಸೋದರಮಾವ ಶ್ವೇತಕೇತು ಬಂದು ಕೈ ಹಿಡಿದೆಳೆದು, ಇದು ನಿನ್ನಪ್ಪನ ತೊಡೆಯಲ್ಲ ಎನ್ನುತ್ತಾನೆ. ಮಗು ಅಳುತ್ತಾ ಅಮ್ಮನ ಹತ್ತಿರ ಹೋಗಿ ನನ್ನ ಅಪ್ಪ ಎಲ್ಲಿ ಎಂದು ಕೇಳುತ್ತದೆ. ಆಮೇಲೆ ಅಳಿಯನೂ ಮಾವನೂ ಒಟ್ಟಿಗೇ ಜನಕನ ಯಜ್ಞಕ್ಕೆ ಹೊರಡುತ್ತಾರೆ. ನೋಯಿಸಿದವನೇ ಜೊತೆಗಾರನಾಗುವುದಕ್ಕೆ ಅಲ್ಲಿ ಭಾಷಣವಿಲ್ಲ, ಒಂದು ಪ್ರಯಾಣವಿದೆ. ಇಲ್ಲಿವರೆಗೆ ನಾವು ಕಲಿಯಬಹುದು. ಆದರೆ ಕೊನೆಗೆ ಸಮಂಗಾ ನದಿಯಲ್ಲಿ ಮಿಂದು ಅಷ್ಟಾವಕ್ರನ ದೇಹ ನೆಟ್ಟಗಾಗುತ್ತದೆ. ಪುರಾಣಕ್ಕೆ ಅದು ಸರಿ. ನಮ್ಮ ಕಥೆಯಲ್ಲಿ ಚಂದ್ರಿ ಕೊನೆಗೆ ನೆಟ್ಟಗೆ ನಡೆದರೆ, ಅವಳಂಥ ಓದುಗರಿಗೆ ನಾವು ಕೊಟ್ಟದ್ದು ಎಂದೂ ಬಾರದ ನದಿ.

ಹಾಗಾದರೆ ಹೇಗೆ ಮುಗಿಸುವುದು? ಎರಡು ಗಡಿಯಾರಗಳನ್ನೂ ಒಂದೇ ಸಲಕ್ಕೆ ಬಾರಿಸಿ. ಚಂದ್ರಿಯ ವಾರ ಬರುತ್ತದೆ. "ಅವ್ಳಿಗೆ ಬರ್ಯೋಕೇ ಬರಲ್ಲ, ನಂಗೆ ಕೊಡಿ ಮಿಸ್" ಅಂತ ಮಧು. ಮಿಸ್ಸು ಈ ಸಲ ತಲೆ ಎತ್ತಿ ಚಾಕ್‌ಪೀಸನ್ನು ಚಂದ್ರಿಗೇ ಕೊಟ್ಟು ಹೊರಗೆ ಹೋಗುತ್ತಾರೆ. ಕ್ಲಾಸು ಗಲಾಟೆ ಮಾಡುತ್ತದೆ. ಅವಳು ಬೋರ್ಡಿನ ಮೇಲೆ ಒಂದು ಅಕ್ಷರ ಶುರು ಮಾಡುತ್ತಾಳೆ. ಚಾಕ್‌ಪೀಸು ಮುರಿಯುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತಾಳೆ. ಅವಳು ನಿಧಾನವಾದಷ್ಟೂ, ಯಾರ ಹೆಸರಿರಬಹುದು ಎಂಬ ಕುತೂಹಲಕ್ಕೇ ಕ್ಲಾಸು ಒಬ್ಬೊಬ್ಬರಾಗಿ ಸುಮ್ಮನಾಗುತ್ತದೆ. ಹಿಂದೆ ಯಾವ ಲೀಡರಿಗೂ ಆಗದ ಕೆಲಸ ಅದು. ಪು. ಟ್ಟ. ಮನೆಯಲ್ಲಿ ಅವಳು ತಮ್ಮನನ್ನು ಕರೆಯುವುದು ಹಾಗೆ.

"ಯಾರೋ ಅದು ಪುಟ್ಟ?" ಅಂತ ಲೋಕೇಶ ಸುತ್ತ ನೋಡುತ್ತಾನೆ.

ಶಿವು ಎದ್ದು ನಿಂತು, "ನಾನು ಮಾತೇ ಆಡಿಲ್ಲ ಅಕ್ಕ, ಮೋಸ!" ಎಂದು ಕೂಗುತ್ತಾನೆ.

ಚೌಕಾಬಾರದಲ್ಲಿ ಬಿತ್ತಿದ ಮೋಸ ಇಲ್ಲಿ ಫಲ ಕೊಟ್ಟಿತು. ಕ್ಷಮೆ ಕೇಳುವ ಮಾತಿಲ್ಲ, ಅಪ್ಪಿಕೊಳ್ಳುವುದಿಲ್ಲ. ತನಗೇ ಗೊತ್ತಿಲ್ಲದೆ ಶಿವು ತನ್ನ ಸುಳ್ಳನ್ನು ಕೈಬಿಟ್ಟ, ಅದೂ ಜಗಳವಾಡುತ್ತಾ. ಅವಳಿಗೆ ಮೊದಲಿಂದಲೂ ಎಲ್ಲ ಗೊತ್ತಿತ್ತೇ ಎಂಬುದನ್ನು ಹೇಳದೆ ಬಿಡಿ, ತರಗತಿಯಲ್ಲಿ ಓದಿದರೆ ಮಕ್ಕಳು ಅದಕ್ಕಾಗಿಯೇ ವಾದ ಮಾಡುತ್ತಾರೆ. ಮಧು ಬದಲಾಗುವುದಿಲ್ಲ. ಮರುದಿನ ಹಾಜರಿಯಲ್ಲಿ ಅವನು ಮತ್ತೆ "ಹಾ... ಹಾ..." ಅನ್ನಬಹುದು. ಲೋಕೇಶ ಅಂದು ನಕ್ಕನೋ ಇಲ್ಲವೋ ಎಂಬ ಒಂದು ಸಾಲು ಸಾಕು.

ಹೆಜ್ಜೆ 9: ಬರೆದ ಮೇಲೆ

ಒಂಬತ್ತರಿಂದ ಹನ್ನೆರಡರ ಮಕ್ಕಳಿಗೆ ಈ ಕಥೆ ಎರಡು ಸಾವಿರ ಪದಗಳ ಆಸುಪಾಸಿನಲ್ಲಿ ಮುಗಿದರೆ ಚೆಂದ. ಇನ್ನೂ ಸಣ್ಣವರಿಗಾದರೆ ಹಾಜರಿಯ ದೃಶ್ಯ ಮತ್ತು ಬೋರ್ಡಿನ ದೃಶ್ಯ ಎರಡನ್ನೇ ಇಟ್ಟು ಚಿತ್ರಪುಸ್ತಕ ಮಾಡಬಹುದು.

ಮೊದಲ ಓದುಗರು ನಿಮ್ಮ ಸಾಹಿತ್ಯದ ಗೆಳೆಯರಾಗುವುದು ಬೇಡ. ಸೆರೆಬ್ರಲ್ ಪಾಲ್ಸಿ ಇರುವ ದೊಡ್ಡವರೊಬ್ಬರು, ಅಂಥವರ ಜೊತೆ ಬೆಳೆದ ಅಣ್ಣನೋ ತಂಗಿಯೋ ಒಬ್ಬರು, ಇಬ್ಬರಿಗೂ ಓದಲು ಕೊಡಿ. ತಂದೆತಾಯಿಗೆ ಮಾತ್ರ ಕೊಟ್ಟರೆ ಸಾಲದು, ಅವರು ಮಗುವಿನ ನೋವನ್ನು ಕಾಣುತ್ತಾರೆ, ಮಗುವಿನ ಮೋಸ ಅವರ ಕಣ್ಣಿಗೆ ಬೀಳುವುದು ಕಡಿಮೆ. ಬೆಂಗಳೂರಿನಲ್ಲಿ 1959ರಿಂದ ಇರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈ ಮಕ್ಕಳೊಂದಿಗೆ ದಿನವೂ ಕೆಲಸ ಮಾಡುವವರಿದ್ದಾರೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಮನೆಮನೆಯ ಪರಿಚಯ ಅವರಿಗಿರುತ್ತದೆ, ಬಹಳಷ್ಟು ಸಲ ಅವರಿಗೇ ಅಂಗವೈಕಲ್ಯವಿರುತ್ತದೆ. ಓದಿ ಹೇಳಿದವರ ಸಮಯಕ್ಕೆ ದುಡ್ಡು ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಇರಬೇಕು.

ಚಿತ್ರ ಬರೆಯುವವರಿಗೆ ಒಂದು ಪುಟದ ಟಿಪ್ಪಣಿ ಕೊಡಿ: ಬಿಗಿ ಇರುವುದು ಎಡಗೈ, ಪ್ರತಿ ಪುಟದಲ್ಲೂ ಎಡಗೈಯೇ. ಅವಳು ಹಿಮ್ಮಡಿ ಊರದೆ ಬೆರಳ ಮೇಲೆ ನಡೆಯುತ್ತಾಳೆ. ಮುಖ ಅಳುಮುಖವಲ್ಲ. ಎಲ್ಲರೂ ನಿಂತು ಅವಳೊಬ್ಬಳೇ ಕೂತಿರುವ ಚಿತ್ರವನ್ನು ಮುಖಪುಟಕ್ಕೆ ಹಾಕಬೇಡಿ.

ತರಗತಿಯಲ್ಲಿ ಓದಿ ಪರೀಕ್ಷಿಸುವಾಗ ಅಲ್ಲಿ ಚಂದ್ರಿಯಂಥ ಮಗುವಿದ್ದರೆ, ಓದುತ್ತಾ ಆ ಕಡೆ ನೋಡಬೇಡಿ, "ನಿನಗೇನನ್ನಿಸಿತಮ್ಮ" ಎಂದು ಎಬ್ಬಿಸಿ ಕೇಳಬೇಡಿ. ಆ ಮಗುವಿಗೆ ಮೊದಲೇ, ಒಂಟಿಯಾಗಿ, ಓದಲು ಕೊಟ್ಟಿರಬೇಕು. ಬೇಡ ಅಂದರೆ ಅಂದು ಬೇರೆ ಕಥೆ ಓದಿ.

ಕಥೆಯನ್ನು ಹಂಚಲು ಪತ್ರಿಕೆಗಳ ಮಕ್ಕಳ ಪುಟಗಳಿವೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದಲ್ಲೇ ಮುಕ್ತ ಪರವಾನಗಿಯಡಿ ಪ್ರಕಟಿಸಬಹುದು. ಎಲ್ಲಿಗೇ ಕಳಿಸಿ, ಫೈಲು ಯೂನಿಕೋಡ್‌ನಲ್ಲಿರಲಿ. ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಕಣ್ಣು ಕಾಣದ ಮಕ್ಕಳಿಗೆ ಪರದೆಯ ಬರವಣಿಗೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಓದಲಾರದು, ಅವರಿಗೆ ಕೇಳಿಸುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಪ್ರತಿ ಚಿತ್ರದಲ್ಲಿ ಏನಿದೆ ಎಂಬ ಎರಡು ಸಾಲನ್ನೂ ನೀವೇ ಬರೆದು ಜೊತೆಗೆ ಕಳಿಸಿ, ಬೋರ್ಡಿನ ಮೇಲೆ ಏನು ಬರೆದಿದೆ ಎಂಬುದು ಆ ಮಕ್ಕಳಿಗೂ ಗೊತ್ತಾಗಬೇಕಲ್ಲ.